ಎಂಜಿನು ಇಳಿಸುವ ಮುನ್ನ ಅಳೆಯಿರಿ: ಹಳೆಯ ಪೆಟ್ರೋಲ್ ಕಾರಿನ ವಿದ್ಯುತ್ ಪರಿವರ್ತನೆಯ ಮೊದಲ ಹಂತ

ಹಳೆಯ ಕಾರಿನ ಪೆಟ್ರೋಲ್ ಎಂಜಿನನ್ನು ಕಳಚಿ, ಆ ಸ್ಥಾನದಲ್ಲಿ ವಿದ್ಯುತ್ ಮೋಟಾರನ್ನೂ ಬ್ಯಾಟರಿಯನ್ನೂ ಅಳವಡಿಸುವುದು ಹೊಸ ವಿಚಾರವಲ್ಲ. ಅಮೆರಿಕದ ಹವ್ಯಾಸಿಗಳು ಇದನ್ನು ಮನೆಯ ಶೆಡ್ಡಿನಲ್ಲೇ ಮಾಡುತ್ತ ಬಂದಿದ್ದಾರೆ. ಅಂಥವರ ಸಂಘವಾದ ಎಲೆಕ್ಟ್ರಿಕ್ ಆಟೋ ಅಸೋಸಿಯೇಷನ್ ಕ್ಯಾಲಿಫೋರ್ನಿಯಾದಲ್ಲಿ ಹುಟ್ಟಿದ್ದು 1967ರಲ್ಲಿ. ನಮ್ಮ ಕಡೆ ಈ ಆಸೆ ಚಿಗುರಿರುವುದು ಇತ್ತೀಚೆಗೆ. ಕಾಸರಗೋಡಿನ ಅಂಗಳಗಳಲ್ಲಿ ಹಳೆಯ ಮಾರುತಿ 800 ಕಾರುಗಳು ಇಂದಿಗೂ ನಿಂತಿವೆ. ಮೈ ಗಟ್ಟಿಯಾಗಿದೆ, ಎಂಜಿನು ಹೊಗೆಯುಗುಳುತ್ತಿದೆ, ಪೆಟ್ರೋಲಿನ ಬೆಲೆ ಏರಿದೆ. ಅದನ್ನೇ ವಿದ್ಯುತ್ ಕಾರನ್ನಾಗಿ ಮಾಡಬಾರದೇಕೆ ಎಂಬ ಪ್ರಶ್ನೆ ಸಹಜ.

ನಮ್ಮ ಹಳೆಯ ವಿದ್ಯಾರ್ಥಿಯೊಬ್ಬನಿಗೂ ಇದೇ ಆಸೆ ಹುಟ್ಟಿತು. ಐಟಿಐ ಮುಗಿಸಿ ಸಣ್ಣ ಗ್ಯಾರೇಜು ಇಟ್ಟುಕೊಂಡಿರುವ ಆತ ಇಬ್ಬರು ಗೆಳೆಯರೊಡನೆ ಒಂದೂವರೆ ದಿನದಲ್ಲಿ ತನ್ನ ಕಾರಿನ ಎಂಜಿನನ್ನು ಇಳಿಸಿದ. ಅದೇ ಸಂಜೆ ಅದನ್ನು ಗುಜರಿಗೆ ಹಾಕಿದ. ಮೋಟಾರು ಬಂದ ಮೇಲೆ ತಿಳಿದದ್ದು, ಎಂಜಿನಿನ ಜತೆಗೆ ಬೇಕಾದ ಅಳತೆಗಳೂ ಗುಜರಿಗೆ ಹೋಗಿವೆ ಎಂದು. ಆ ಮೋಟಾರಿಗೆ ಅನುಮೋದನೆಯೂ ಇಲ್ಲ ಎಂಬುದು ಇನ್ನೂ ತಡವಾಗಿ ತಿಳಿಯಿತು. ಕಾರು ಈಗ ಟಾರ್ಪಾಲಿನ ಕೆಳಗಿದೆ. ಹತ್ತನೆಯ ತರಗತಿಯಲ್ಲಿ ಆತನಿಗೆ ಮೋಟಾರಿನ ತತ್ತ್ವ ಕಲಿಸಿದವರು ನಾವು; ಎಂಜಿನು ಇಳಿಸಿದ ದಿನ ಭೇಷ್ ಎಂದವರೂ ನಾವೇ. ಕೇಳಬೇಕಾಗಿದ್ದ ಎರಡು ಪ್ರಶ್ನೆಗಳನ್ನು ಅಂದು ಕೇಳಲಿಲ್ಲ. ಆ ಪ್ರಶ್ನೆಗಳ ಸುತ್ತ ಈ ಲೇಖನವನ್ನು ಹೆಣೆದಿದ್ದೇವೆ. ಎಂಜಿನು ಇಳಿಸುವುದನ್ನು ಕೆಡಹುವ ಕೆಲಸವೆಂದು ತಿಳಿಯಬಾರದು, ಅದು ಅಳೆದು ದಾಖಲಿಸುವ ಕೆಲಸ. ಒಂದು ಬೋಲ್ಟು ಸಡಿಲಿಸುವ ಮುನ್ನ ಕಾಗದ, ಪೆನ್ಸಿಲು, ಕಾನೂನು ಮೂರೂ ಸಿದ್ಧವಿರಬೇಕು.

ಮೊದಲು ಕಾನೂನು

ಮೋಟಾರು ವಾಹನ ಕಾಯಿದೆ 1988ರ 52ನೆಯ ಪ್ರಕರಣದಂತೆ, ನೋಂದಣಿ ಪತ್ರದಲ್ಲಿರುವ ವಿವರಗಳು ತಯಾರಕರು ಮೂಲದಲ್ಲಿ ನಿಗದಿಪಡಿಸಿದ್ದಕ್ಕಿಂತ ಭಿನ್ನವಾಗುವ ಹಾಗೆ ಮಾಲೀಕರು ವಾಹನವನ್ನು ಬದಲಾಯಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಕೇರಳದಿಂದ ಬಂದ ಪ್ರಕರಣವೊಂದರಲ್ಲಿ ಹೈಕೋರ್ಟಿನ ತೀರ್ಪನ್ನು ಬದಿಗಿರಿಸಿ ಈ ನಿಯಮವನ್ನು ಎತ್ತಿಹಿಡಿದಿದೆ. ಆದರೆ ಅದೇ ಪ್ರಕರಣದಲ್ಲಿ ಒಂದು ಬಾಗಿಲು ತೆರೆದಿದೆ: ಬ್ಯಾಟರಿ, ನೈಸರ್ಗಿಕ ಅನಿಲ, ಸೌರಶಕ್ತಿ ಮುಂತಾದ ಬೇರೆ ಶಕ್ತಿಮೂಲದಿಂದ ವಾಹನ ಓಡುವಂತೆ ಪರಿವರ್ತನಾ ಕಿಟ್ ಅಳವಡಿಸಲು, ನಿಗದಿತ ಷರತ್ತುಗಳಿಗೆ ಒಳಪಟ್ಟು, ಅವಕಾಶವಿದೆ.

ಆ ಷರತ್ತುಗಳ ಸಾರವಿಷ್ಟು. ಪೂರ್ಣ ವಿದ್ಯುತ್ ಪರಿವರ್ತನೆಯ ಕಿಟ್ಟು ಎಐಎಸ್-123 ಮಾನದಂಡದ ಮೂರನೆಯ ಭಾಗಕ್ಕೆ ಅನುಗುಣವಾಗಿ ಪರೀಕ್ಷೆಗೊಂಡು ಅನುಮೋದನೆ ಪಡೆದಿರಬೇಕು. ಪುಣೆಯ ಎಆರ್‌ಎಐ, ಮಾನೇಸರದ ಐಸಿಎಟಿ ಮುಂತಾದ ಸಂಸ್ಥೆಗಳು ಈ ಬಗೆಯ ಪರೀಕ್ಷೆ ನಡೆಸುತ್ತವೆ. ಅಳವಡಿಕೆಯನ್ನು ಕಿಟ್ ತಯಾರಕರು ಅಧಿಕೃತಗೊಳಿಸಿದವರೇ ಮಾಡಬೇಕು. ಬಳಿಕ ನೋಂದಣಿ ಪ್ರಾಧಿಕಾರವು ಇಂಧನದ ವಿವರವನ್ನು ನೋಂದಣಿ ಪತ್ರದಲ್ಲಿ ತಿದ್ದಬೇಕು. ಅಂದರೆ ಮೋಟಾರು ಒಂದು ಕಡೆ, ಬ್ಯಾಟರಿ ಇನ್ನೊಂದು ಕಡೆ ಕೊಂಡು ಮನೆಯಲ್ಲೇ ಜೋಡಿಸಿದ ಕಾರನ್ನು ಭಾರತದಲ್ಲಿ ಸಾರ್ವಜನಿಕ ರಸ್ತೆಗೆ ಇಳಿಸುವಂತಿಲ್ಲ. ಅನುಮತಿಯಿಲ್ಲದ ಬದಲಾವಣೆಗೆ 182ಎ ಪ್ರಕರಣದಡಿ ಆರು ತಿಂಗಳವರೆಗೆ ಸಜೆ, ಇಲ್ಲವೆ ಪ್ರತಿ ಬದಲಾವಣೆಗೆ 5,000 ರೂಪಾಯಿ ದಂಡ, ಇಲ್ಲವೆ ಎರಡೂ ಆಗಬಹುದು. ಅಪಘಾತವಾದರೆ ವಿಮೆಯ ಪರಿಹಾರಕ್ಕೂ ತೊಡಕು ಬರುತ್ತದೆ.

ಗಡಿನಾಡಿನವರು ಇನ್ನೊಂದು ಅಂಶವನ್ನು ಗಮನಿಸಬೇಕು. ತಲಪಾಡಿಯಾಚೆ ಮಂಗಳೂರಿನಲ್ಲಿ ಕೊಂಡ, ಕೆಎ ನೋಂದಣಿಯ ಕಾರುಗಳು ನಮ್ಮಲ್ಲಿ ಎಷ್ಟೋ ಇವೆ. ಒಂದು ರಾಜ್ಯದ ವಾಹನ ಇನ್ನೊಂದು ರಾಜ್ಯದಲ್ಲಿ 12 ತಿಂಗಳಿಗಿಂತ ಹೆಚ್ಚು ಕಾಲ ಇದ್ದರೆ 47ನೆಯ ಪ್ರಕರಣದಂತೆ ಹೊಸ ನೋಂದಣಿ ಸಂಖ್ಯೆ ಪಡೆಯಬೇಕು. ಇದನ್ನು ಬಾಕಿ ಇಟ್ಟುಕೊಂಡು ಪರಿವರ್ತನೆಗೆ ಹೊರಟರೆ ಎರಡು ಕಚೇರಿಗಳ ನಡುವೆ ಅಲೆದಾಡಬೇಕಾದೀತು. ಕಾರಿನ ಸದ್ಯದ ನೋಂದಣಿ ಸರಿಯಾಗಿದೆಯೆ, ನಿಮ್ಮ ಮಾದರಿಗೆ ಅನುಮೋದಿತ ಕಿಟ್ ಇದೆಯೆ ಎಂಬೆರಡನ್ನೂ ಲಿಖಿತವಾಗಿ ಖಚಿತಪಡಿಸಿಕೊಂಡ ನಂತರವೇ ಬಾನೆಟ್ ತೆರೆಯಿರಿ.

ಹಾಗಾದರೆ ಉಳಿದ ವಿವರ ಯಾರಿಗಾಗಿ? ಅಳವಡಿಸುವವರ ಪಕ್ಕದಲ್ಲಿ ನಿಂತು ಕೆಲಸ ನೋಡಿಕೊಳ್ಳಬೇಕಾದ ಮಾಲೀಕರಿಗಾಗಿ, ಅಧಿಕೃತ ಅಳವಡಿಕೆದಾರರ ಕೈಕೆಳಗೆ ದುಡಿಯಬಯಸುವ ಮೆಕ್ಯಾನಿಕರಿಗಾಗಿ, ಕಾಲೇಜಿನ ಪ್ರಯೋಗಶಾಲೆಯಲ್ಲಿ ಮಾದರಿ ಕಟ್ಟುವ ವಿದ್ಯಾರ್ಥಿಗಳಿಗಾಗಿ.

ಯಾವುದು ಹೋಗುತ್ತದೆ, ಯಾವುದು ಉಳಿಯುತ್ತದೆ

ಎಂಜಿನು, ಸ್ಟಾರ್ಟರ್, ಆಲ್ಟರ್ನೇಟರ್, ರೇಡಿಯೇಟರ್, ಕಾರ್ಬ್ಯುರೇಟರು ಅಥವಾ ಇಂಜೆಕ್ಷನ್ ವ್ಯವಸ್ಥೆ, ಪೆಟ್ರೋಲ್ ಟ್ಯಾಂಕು ಮತ್ತು ಅದರ ಕೊಳವೆಗಳು, ಸೈಲೆನ್ಸರು ಹೋಗುತ್ತವೆ. ಸ್ಟಿಯರಿಂಗ್, ಬ್ರೇಕು, ಸಸ್ಪೆನ್ಷನ್, ಆಕ್ಸೆಲ್ ಶಾಫ್ಟುಗಳು, ದೀಪ ಹಾರನ್ನುಗಳ 12 ವೋಲ್ಟಿನ ವ್ಯವಸ್ಥೆ ಉಳಿಯುತ್ತವೆ. ಹೆಚ್ಚಿನ ಸಣ್ಣ ಕಾರುಗಳ ಪರಿವರ್ತನೆಯಲ್ಲಿ ಗೇರ್‌ಬಾಕ್ಸನ್ನೂ ಉಳಿಸಿಕೊಂಡು, ಎಂಜಿನು ಕೂರುತ್ತಿದ್ದ ಮುಖಕ್ಕೆ ಒಂದು ಜೋಡಣೆ ತಟ್ಟೆಯ ಮೂಲಕ ಮೋಟಾರನ್ನು ಬಿಗಿಯುತ್ತಾರೆ.

ಯಾವ ಕಾರು ಎಂಬುದರ ಮೇಲೆ ಕೆಲಸದ ಕಷ್ಟ ನಿಂತಿದೆ. ಅಮೆರಿಕದ ಹವ್ಯಾಸಿಗಳು ಫೋಕ್ಸ್‌ವ್ಯಾಗನ್ ಬೀಟಲ್ ಕಾರನ್ನು ಮೆಚ್ಚಿಕೊಂಡಿದ್ದಕ್ಕೆ ಕಾರಣವಿದೆ. ಅದರ ಎಂಜಿನು ಹಿಂಭಾಗದಲ್ಲಿದ್ದು ಗಾಳಿಯಿಂದಲೇ ತಣಿಯುತ್ತದೆ. ರೇಡಿಯೇಟರೂ ಇಲ್ಲ, ನೀರಿನ ಕೊಳವೆಗಳೂ ಇಲ್ಲ. ಗೇರ್‌ಬಾಕ್ಸಿಗೆ ಅದನ್ನು ಹಿಡಿದಿಟ್ಟಿರುವುದು ನಾಲ್ಕೇ ನಟ್ಟು ಬೋಲ್ಟುಗಳು. ತಂತಿ, ಕೇಬಲು, ಪೆಟ್ರೋಲ್ ಕೊಳವೆಗಳನ್ನು ಬಿಡಿಸಿ ಆ ನಾಲ್ಕನ್ನು ಕಳಚಿದರೆ ಎಂಜಿನು ಹಿಂದಕ್ಕೆ ಸರಿದು ಜಾಕಿಯ ಮೇಲೆ ಕೆಳಗಿಳಿಯುತ್ತದೆ. 1983ರ ಡಿಸೆಂಬರಿನಲ್ಲಿ ಬಂದು 2014ರ ಜನವರಿಯಲ್ಲಿ ತಯಾರಿಕೆ ನಿಂತ ಮಾರುತಿ 800ರ ಕಥೆ ಬೇರೆ. ಅದರ 796 ಸಿಸಿ, ಮೂರು ಸಿಲಿಂಡರಿನ, ನೀರಿನಿಂದ ತಣಿಯುವ ಎಂಜಿನು ಮುಂಭಾಗದಲ್ಲಿ ಅಡ್ಡವಾಗಿ ಕುಳಿತಿದೆ. ಪಕ್ಕದಲ್ಲೇ ಗೇರ್‌ಬಾಕ್ಸು, ಅಲ್ಲಿಂದ ನೇರವಾಗಿ ಮುಂಗಾಲಿಗಳಿಗೆ ಶಾಫ್ಟುಗಳು. ಇಂಥ ಕಾರುಗಳಲ್ಲಿ ಎಂಜಿನು ಮತ್ತು ಗೇರ್‌ಬಾಕ್ಸನ್ನು ಒಟ್ಟಿಗೆ ಹೊರತೆಗೆದು, ನೆಲದ ಮೇಲೆ ಬೇರ್ಪಡಿಸುವುದು ಲೇಸು.

ಕಳಚುವ ಮೊದಲು ದಾಖಲಿಸಬೇಕಾದದ್ದು

ಕಾರು ಇನ್ನೂ ಓಡುತ್ತಿರುವಾಗಲೇ ಅದನ್ನು ವೇಬ್ರಿಜ್ಜಿಗೆ ಒಯ್ಯಿರಿ. ಇಡೀ ಕಾರಿನ ತೂಕ, ಮುಂಗಾಲಿಗಳ ಮೇಲಿನ ತೂಕ, ಹಿಂಗಾಲಿಗಳ ಮೇಲಿನ ತೂಕ, ಹೀಗೆ ಮೂರನ್ನು ಬರೆದುಕೊಳ್ಳಿ. ನಾಲ್ಕೂ ಗಾಲಿಗಳ ನಡುಬಿಂದುವಿನಿಂದ ಮಡ್‌ಗಾರ್ಡಿನ ಅಂಚಿನವರೆಗಿನ ಎತ್ತರವನ್ನೂ ಅಳೆದಿಡಿ. ಪರಿವರ್ತನೆಯ ನಂತರ ಕಾರು ಮುಂದಕ್ಕೆ ಬಾಗಿದೆಯೋ ಹಿಂದಕ್ಕೆ ಕುಸಿದಿದೆಯೋ ಎಂದು ಹೇಳಲು ಇವುಗಳೇ ಆಧಾರ.

ಇದು ಬರಿಯ ಶಾಸ್ತ್ರವಲ್ಲ ಎಂಬುದಕ್ಕೆ ಒಂದು ಲೆಕ್ಕ. ಹಗುರವಾದ ಸಣ್ಣ ಕಾರು ಒಂದು ಕಿ.ಮೀ. ಓಡಲು ಸುಮಾರು 100 ವ್ಯಾಟ್-ಗಂಟೆ ಶಕ್ತಿ ಬೇಕೆಂದು ಹಿಡಿಯೋಣ. 100 ಕಿ.ಮೀ.ಗೆ 10 ಯೂನಿಟ್. ಬ್ಯಾಟರಿಯನ್ನು ಪೂರ್ತಿ ಬರಿದು ಮಾಡಬಾರದಾದ್ದರಿಂದ 12 ಯೂನಿಟ್ಟಿನ ಬ್ಯಾಟರಿ ಬೇಕು. ಪೆಟ್ಟಿಗೆ ಸಹಿತ ಕಿಲೋಗ್ರಾಮಿಗೆ 100 ವ್ಯಾಟ್-ಗಂಟೆಯಂತೆ ಲೆಕ್ಕ ಹಾಕಿದರೆ ಬ್ಯಾಟರಿಯೊಂದೇ 120 ಕಿಲೋ ತೂಗುತ್ತದೆ. ಈ ಭಾರವೆಲ್ಲ ಡಿಕ್ಕಿಯಲ್ಲಿ ಕುಳಿತರೆ, ಮುಂಭಾಗ ಹಗುರಾಗಿ ಸ್ಟಿಯರಿಂಗಿನ ಹಿಡಿತವೂ ಬ್ರೇಕಿನ ಸಮತೋಲವೂ ಕೆಡುತ್ತವೆ. ಕಳಚಿದ ಪ್ರತಿಯೊಂದು ಭಾಗವನ್ನೂ ತೂಗಿ ಬರೆದಿಟ್ಟರೆ ಎಷ್ಟು ಹೋಯಿತು, ಎಷ್ಟು ಬಂತು ಎಂಬ ಜಮಾಖರ್ಚು ಕೈಯಲ್ಲಿರುತ್ತದೆ.

ಎಂಜಿನಿನ ಸಂಖ್ಯೆಯ ಚಿತ್ರ, ಪ್ರತಿ ತಂತಿಗೂ ಒಂದು ಚೀಟಿ, ಪ್ರತಿ ಜೋಡಣೆಯ ಬೋಲ್ಟುಗಳಿಗೆ ಪ್ರತ್ಯೇಕ ಡಬ್ಬಿ ಇವೂ ಬೇಕು. ಎಂಜಿನು ಯಾವ ದಿಕ್ಕಿಗೆ ತಿರುಗುತ್ತಿತ್ತು ಎಂಬುದನ್ನು ಬರೆದಿಡಲು ಮರೆಯಬೇಡಿ. ಮೋಟಾರು ಎರಡೂ ದಿಕ್ಕಿಗೆ ತಿರುಗಬಲ್ಲದು. ತಪ್ಪು ದಿಕ್ಕಿಗೆ ಹೊಂದಿಸಿದರೆ ಮುಂದಿನ ಗೇರುಗಳೆಲ್ಲ ಹಿಂದಿನ ಗೇರುಗಳಾದಾವು!

ಪೆಟ್ರೋಲು, ಎಣ್ಣೆ, ಅನಿಲ

ಅಪಾಯ ಹೆಚ್ಚಿರುವುದು ಈ ಹಂತದಲ್ಲಿ. ಪೆಟ್ರೋಲಿನ ಆವಿ ಗಾಳಿಗಿಂತ ಭಾರ. ಅದು ನೆಲ ಹಿಡಿದು ಹರಿದು, ದೂರದಲ್ಲಿ ಉರಿಯುವ ಒಲೆಯನ್ನೂ ಮುಟ್ಟಬಲ್ಲದು. ಟ್ಯಾಂಕನ್ನು ಬಯಲಿನಲ್ಲೇ ಬರಿದು ಮಾಡಬೇಕು, ಮುಚ್ಚಿದ ಶೆಡ್ಡಿನಲ್ಲಿ ಕೂಡದು. ಇಂಜೆಕ್ಷನ್ ಇರುವ ಕಾರುಗಳಲ್ಲಿ ಕೊಳವೆಯೊಳಗೆ ಒತ್ತಡವಿರುತ್ತದೆ; ಪಂಪಿನ ಫ್ಯೂಸ್ ತೆಗೆದು, ಎಂಜಿನು ತಾನಾಗಿ ನಿಲ್ಲುವವರೆಗೆ ಓಡಿಸಿ, ಅನಂತರ ಬ್ಯಾಟರಿಯ ಋಣ ತಂತಿಯನ್ನು ಬಿಡಿಸಬೇಕು. ಬರಿದಾದ ಟ್ಯಾಂಕು ನಿರಪಾಯಕಾರಿ ಎಂಬುದು ತಪ್ಪು ತಿಳಿವಳಿಕೆ. ಒಳಗೆ ಉಳಿದ ಆವಿ ಗಾಳಿಯೊಡನೆ ಬೆರೆತು ಸ್ಫೋಟಕವಾಗುತ್ತದೆ. ಅದನ್ನು ಕತ್ತರಿಸುವುದಾಗಲಿ, ಬಳಿಯಲ್ಲಿ ವೆಲ್ಡಿಂಗ್ ಮಾಡುವುದಾಗಲಿ ಕೂಡದು.

ರೇಡಿಯೇಟರಿನ ಬಣ್ಣದ ದ್ರವದಲ್ಲಿರುವ ಎಥಿಲೀನ್ ಗ್ಲೈಕಾಲ್ ಸಿಹಿ ರುಚಿಯ ವಿಷ. ನಾಯಿ, ಕರುಗಳು ನೆಕ್ಕಿದರೆ ಸಾಯುತ್ತವೆ. ಎಂಜಿನ್ ಆಯಿಲನ್ನು ಅಂಗಳಕ್ಕೆ ಚೆಲ್ಲುವ ರೂಢಿ ನಮ್ಮಲ್ಲಿದೆ. ನಮ್ಮ ನೆಲ ಮುರಕಲ್ಲಿನದು. ಅದರ ರಂಧ್ರಗಳ ಮೂಲಕ ಮಳೆನೀರು ಇಳಿದು ಬಾವಿಗೂ ಸುರಂಗಕ್ಕೂ ಸೇರುವಂತೆಯೇ ಎಣ್ಣೆಯೂ ಸೇರುತ್ತದೆ. ಅಡಿಕೆ ಒಣಗಿಸುವ ಅಂಗಳದಲ್ಲಿ ಕೆಲಸ ಮಾಡುವವರಂತೂ ದಪ್ಪ ಟಾರ್ಪಾಲು ಹಾಸಿ, ಅದರ ಮೇಲೆ ಮರದ ಹೊಟ್ಟು ಹರಡಿಕೊಳ್ಳಬೇಕು. ಬಳಸಿದ ಎಣ್ಣೆ 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ವ್ಯಾಪ್ತಿಗೆ ಬರುತ್ತದೆ. ಅದನ್ನು ಕ್ಯಾನಿನಲ್ಲಿ ತುಂಬಿ, ಅಧಿಕೃತ ಮರುಬಳಕೆದಾರರಿಗೆ ಕೊಡುವ ಸರ್ವೀಸ್ ಸ್ಟೇಷನ್ನಿಗೆ ತಲುಪಿಸಿ.

ಕಾರಿನಲ್ಲಿ ಎಸಿ ಇದ್ದರೆ ಅದರ ಕೊಳವೆಯನ್ನು ನೀವಾಗಿ ಬಿಚ್ಚಬೇಡಿ. ಹೊರನುಗ್ಗುವ ಅನಿಲ ಚರ್ಮವನ್ನು ಹೆಪ್ಪುಗಟ್ಟಿಸುತ್ತದೆ, ಕಣ್ಣನ್ನು ಕೆಡಿಸುತ್ತದೆ. ಸಾಮಾನ್ಯವಾಗಿ ಬಳಕೆಯಲ್ಲಿರುವ ಆರ್-134ಎ ಅನಿಲ ಭೂಮಿಯನ್ನು ಬಿಸಿಮಾಡುವುದರಲ್ಲಿ ಅದೇ ತೂಕದ ಇಂಗಾಲದ ಡೈಆಕ್ಸೈಡಿಗಿಂತ ಸಾವಿರ ಪಟ್ಟಿಗೂ ಮಿಗಿಲು. ಎಸಿ ಮೆಕ್ಯಾನಿಕರಿಂದ ಯಂತ್ರದ ಮೂಲಕ ಅದನ್ನು ಹೊರತೆಗೆಸಬೇಕು.

ಎಂಜಿನು ಇಳಿಸುವ ಕ್ರಮ

ನಮ್ಮ ಕರಾವಳಿಯ ಉಪ್ಪುಗಾಳಿ ಮತ್ತು ನಾಲ್ಕು ತಿಂಗಳ ಮಳೆಯಲ್ಲಿ ಕಾರಿನ ಅಡಿಭಾಗದ ಬೋಲ್ಟುಗಳು ತುಕ್ಕು ಹಿಡಿದಿರುತ್ತವೆ. ಕೆಲಸದ ಹಿಂದಿನ ದಿನಗಳಲ್ಲೇ ತುಕ್ಕು ಬಿಡಿಸುವ ಎಣ್ಣೆ ಹಾಕಿಡಿ. ಬಲಪ್ರಯೋಗದಿಂದ ಒಂದು ಬೋಲ್ಟು ಮುರಿದರೆ ಅರ್ಧ ದಿನ ಹೋಗುತ್ತದೆ. ನೆಲ ಸಮತಟ್ಟಾಗಿರಬೇಕು. ಕಾರನ್ನು ಎತ್ತಿದ ಮೇಲೆ ಗಟ್ಟಿಯಾದ ಸ್ಟ್ಯಾಂಡುಗಳ ಮೇಲೆ ಕೂರಿಸಿ. ಜಾಕಿಯೊಂದನ್ನೇ ನಂಬಿ, ಇಲ್ಲವೆ ಮುರಕಲ್ಲು ಪೇರಿಸಿ ಕಾರಿನಡಿಗೆ ಹೋಗುವುದು ಪ್ರಾಣಕ್ಕೆ ಸಂಚಕಾರ. ಮುರಕಲ್ಲು ಭಾರಕ್ಕೆ ಥಟ್ಟನೆ ಬಿರಿಯುತ್ತದೆ.

ಬಿಡಿಸುವ ಕ್ರಮ ಸ್ಥೂಲವಾಗಿ ಹೀಗಿದೆ.

1. ಬ್ಯಾಟರಿ, ಬಾನೆಟ್, ಗಾಳಿಯ ಫಿಲ್ಟರು, ರೇಡಿಯೇಟರು ಮತ್ತು ಅದರ ಫ್ಯಾನು.

2. ಆಕ್ಸಿಲರೇಟರ್, ಕ್ಲಚ್ಚು, ಸ್ಪೀಡೋಮೀಟರಿನ ಕೇಬಲುಗಳು. ಹೀಟರಿನ ಮತ್ತು ಪೆಟ್ರೋಲಿನ ಕೊಳವೆಗಳು. ಸ್ಟಾರ್ಟರ್, ಆಲ್ಟರ್ನೇಟರ್, ಸೆನ್ಸರುಗಳ ತಂತಿಗಳು. ತಂತಿಗಳನ್ನು ಕತ್ತರಿಸದೆ ಪ್ಲಗ್ಗಿನಲ್ಲಿಯೇ ಬಿಡಿಸಬೇಕು.

3. ಸೈಲೆನ್ಸರಿನ ಮುಂದಿನ ಕೊಳವೆ, ಗೇರು ಬದಲಿಸುವ ಸರಳು.

4. ಗೇರ್‌ಬಾಕ್ಸಿನ ಎಣ್ಣೆಯನ್ನು ಬರಿದು ಮಾಡಿದ ನಂತರ ಆಕ್ಸೆಲ್ ಶಾಫ್ಟುಗಳು. ಮೊದಲೇ ಎಳೆದರೆ ಎಣ್ಣೆ ಆ ರಂಧ್ರದಿಂದ ಸುರಿಯುತ್ತದೆ. ಶಾಫ್ಟು ಹಬ್ಬಿನಿಂದ ಹೊರಗಿರುವಾಗ ಕಾರನ್ನು ತಳ್ಳಬಾರದು. ಅನೇಕ ಕಾರುಗಳಲ್ಲಿ ಗಾಲಿಯ ಬೇರಿಂಗನ್ನು ಬಿಗಿಯಾಗಿ ಹಿಡಿದಿಡುವುದು ಅದೇ.

5. ಎಂಜಿನಿನ ಭಾರವನ್ನು ಚೈನ್ ಬ್ಲಾಕಿಗೆ ವಹಿಸಿದ ಮೇಲೆಯೇ ಮೌಂಟಿಂಗ್ ಬೋಲ್ಟುಗಳು.

ಮಾವಿನ ಕೊಂಬೆಗೆ ಚೈನ್ ಬ್ಲಾಕ್ ಕಟ್ಟಿ ಎಂಜಿನು ಎತ್ತುವುದನ್ನು ನಾವೆಲ್ಲ ನೋಡಿದ್ದೇವೆ. ಕೊಂಬೆಯ ಒಳಗಿನ ಟೊಳ್ಳು ಹೊರಗೆ ಕಾಣುವುದಿಲ್ಲ. ಹೆಂಚಿನ ಮಾಡಿನ ತೊಲೆಯೂ ಇಂಥ ಭಾರಕ್ಕಾಗಿ ಮಾಡಿದ್ದಲ್ಲ. ಬಾಡಿಗೆಗೆ ಸಿಗುವ ಎಂಜಿನ್ ಕ್ರೇನ್ ಅಥವಾ ಕಬ್ಬಿಣದ ಮುಕ್ಕಾಲಿ ಬಳಸಿ. ಚೈನಿನ ಸಾಮರ್ಥ್ಯ ಎತ್ತುವ ಭಾರದ ಹಲವು ಪಟ್ಟು ಇರಲಿ. ಬೆರಳಷ್ಟು ಎತ್ತಿ ನಿಲ್ಲಿಸಿ, ಸುತ್ತ ಒಮ್ಮೆ ನೋಡಿ. ಮರೆತ ಒಂದು ತಂತಿಯೋ ನೆಲಕ್ಕೆ ಜೋಡಿಸಿದ ಅರ್ತ್ ಪಟ್ಟಿಯೋ ಸಾಮಾನ್ಯವಾಗಿ ಇದ್ದೇ ಇರುತ್ತದೆ. ತೂಗುವ ಎಂಜಿನಿನ ಕೆಳಗೆ ಕೈಯನ್ನಾಗಲಿ ಕಾಲನ್ನಾಗಲಿ ಒಡ್ಡಬಾರದು.

ಫ್ಲೈವೀಲಿನ ಅಂತರ

ನಮ್ಮ ವಿದ್ಯಾರ್ಥಿ ಕಳೆದುಕೊಂಡದ್ದು ಈ ಅಳತೆಯನ್ನು. ಎಂಜಿನಿನ ಹಿಂಬದಿಯ ಸಮತಲ ಮುಖ ಗೇರ್‌ಬಾಕ್ಸಿನ ಗಂಟೆಯಾಕಾರದ ಕವಚಕ್ಕೆ ತಾಗಿ ಕುಳಿತಿರುತ್ತದೆ. ಆ ಮುಖದಿಂದ, ಫ್ಲೈವೀಲಿನ ಮೇಲೆ ಕ್ಲಚ್ ಪ್ಲೇಟು ಒತ್ತುವ ಮೈವರೆಗೆ ಒಂದು ನಿಶ್ಚಿತ ಅಂತರವಿದೆ. ಫ್ಲೈವೀಲನ್ನು ಮೋಟಾರಿನ ಶಾಫ್ಟಿಗೆ ಕೂರಿಸುವಾಗ ಇದೇ ಅಂತರ ಮರಳಿ ಬರಬೇಕು. ಅಂತರ ಹೆಚ್ಚು ಕಡಿಮೆಯಾದರೆ ಕ್ಲಚ್ಚು ಪೂರ್ತಿ ಬಿಡುವುದಿಲ್ಲ ಇಲ್ಲವೆ ಪೂರ್ತಿ ಹಿಡಿಯುವುದಿಲ್ಲ. ಗೇರ್‌ಬಾಕ್ಸಿನ ಶಾಫ್ಟು ಒತ್ತಡಕ್ಕೆ ಸಿಕ್ಕಿ ಬೇರಿಂಗು ಸವೆಯುತ್ತದೆ.

ಅಳೆಯುವ ಬಗೆ ಸರಳ. ಎಂಜಿನನ್ನೂ ಗೇರ್‌ಬಾಕ್ಸನ್ನೂ ಬೇರ್ಪಡಿಸಿ, ಕ್ಲಚ್ಚನ್ನು ತೆಗೆದು, ಫ್ಲೈವೀಲನ್ನು ಅದರ ಸ್ಥಾನದಲ್ಲೇ ಬಿಡಿ. ಮುಖಕ್ಕೆ ಅಡ್ಡವಾಗಿ ನೇರವಾದ ಉಕ್ಕಿನ ಪಟ್ಟಿಯಿಟ್ಟು, ವರ್ನಿಯರ್ ಕ್ಯಾಲಿಪರಿನ ಆಳ ಅಳೆಯುವ ಕಡ್ಡಿಯಿಂದ ಮೂರು ನಾಲ್ಕು ಕಡೆ ಅಳೆದು ಸರಾಸರಿ ಬರೆಯಿರಿ. ಎಂಜಿನು ಮತ್ತು ಗೇರ್‌ಬಾಕ್ಸಿನ ನಡುವೆ ತಗಡಿನ ತಟ್ಟೆಯಿದ್ದರೆ ಅದರ ದಪ್ಪವನ್ನೂ ಬರೆಯಿರಿ. ಎರಡೂ ಮುಖಗಳನ್ನು ಕೇಂದ್ರಕ್ಕೆ ಸರಿಹೊಂದಿಸುವ ಚಿಕ್ಕ ಉಕ್ಕಿನ ಗೂಟಗಳು ಎಂಜಿನಿನಲ್ಲೇ ಉಳಿದು ಗುಜರಿಗೆ ಹೋಗುವುದುಂಟು. ಅವಿಲ್ಲದೆ ಬೋಲ್ಟುಗಳನ್ನಷ್ಟೇ ನಂಬಿದರೆ ಮೋಟಾರು ಕೂದಲೆಳೆಯಷ್ಟು ಓರೆಯಾಗಿ ಕುಳಿತು ಕಂಪಿಸುತ್ತದೆ. ಕಿಟ್ಟಿನ ತಯಾರಕರು ಜೋಡಣೆ ತಟ್ಟೆ ಕೊಟ್ಟರೂ ಈ ಅಳತೆ ನಿಮ್ಮ ಬಳಿಯಿರಲಿ. ಸರಿಯಾಗಿ ಕುಳಿತಿದೆಯೇ ಎಂದು ಪರೀಕ್ಷಿಸಲು ಬೇರೆ ದಾರಿಯಿಲ್ಲ.

ಎಂಜಿನಿನೊಡನೆ ಕಣ್ಮರೆಯಾಗುವ ಸೇವೆಗಳು

ಎಂಜಿನು ಕಾರನ್ನು ಓಡಿಸುವುದರ ಜತೆಗೆ ಸದ್ದಿಲ್ಲದೆ ಇನ್ನೂ ಹಲವು ಕೆಲಸ ಮಾಡುತ್ತಿರುತ್ತದೆ. ಅವುಗಳಲ್ಲಿ ಜೀವಕ್ಕೆ ಸಂಬಂಧಿಸಿದ್ದು ಬ್ರೇಕಿನ ಸಹಾಯ. ಬೂಸ್ಟರ್ ಇರುವ ಪೆಟ್ರೋಲ್ ಕಾರುಗಳಲ್ಲಿ, ಎಂಜಿನು ಗಾಳಿಯನ್ನು ಒಳಗೆಳೆಯುವಾಗ ಉಂಟಾಗುವ ನಿರ್ವಾತವೇ ಬ್ರೇಕ್ ಪೆಡಲಿಗೆ ಬಲ ಕೂಡಿಸುತ್ತದೆ. ಎಂಜಿನು ಹೋದರೆ ಆ ಬಲವೂ ಹೋಗುತ್ತದೆ. ಬ್ರೇಕು ಹಿಡಿಯುತ್ತದೆ, ಆದರೆ ಪೆಡಲನ್ನು ಹಲವು ಪಟ್ಟು ಜೋರಾಗಿ ತುಳಿಯಬೇಕು. ವಿದ್ಯುತ್ತಿನಿಂದ ನಡೆಯುವ ನಿರ್ವಾತ ಪಂಪು ಕಿಟ್ಟಿನಲ್ಲಿದೆಯೇ ಎಂದು ಮೊದಲೇ ಕೇಳಿ. ಬೂಸ್ಟರಿನ ಕೊಳವೆಯನ್ನೂ ಅದರಲ್ಲಿರುವ ಏಕಮುಖ ಕವಾಟವನ್ನೂ ಕಳಚುವಾಗ ಜೋಪಾನವಾಗಿ ತೆಗೆದಿಡಿ.

ಆಲ್ಟರ್ನೇಟರ್ ಇಲ್ಲವಾದ್ದರಿಂದ ದೀಪ, ವೈಪರು, ಹಾರನ್ನುಗಳ 12 ವೋಲ್ಟ್ ಬ್ಯಾಟರಿಯನ್ನು ದೊಡ್ಡ ಬ್ಯಾಟರಿಯಿಂದಲೇ ತುಂಬಿಸುವ ಡಿಸಿ ಕನ್ವರ್ಟರ್ ಬೇಕು. ಜಡಿಮಳೆಯ ರಾತ್ರಿ ದೀಪವೂ ವೈಪರೂ ಒಟ್ಟಿಗೆ ನಿಂತರೆ ಆಗುವ ಅನಾಹುತವನ್ನು ಊಹಿಸಿಕೊಳ್ಳಿ. ಎಸಿಯ ಕಂಪ್ರೆಸರನ್ನು ತಿರುಗಿಸುತ್ತಿದ್ದ ಬೆಲ್ಟೂ, ಹೀಟರಿನ ಬಿಸಿನೀರೂ ಎಂಜಿನಿನದೇ ಆಗಿದ್ದವು.

ಎಂಜಿನನ್ನು ಯಾವಾಗ ಮಾರಬೇಕು

ಮೋಟಾರು ಕುಳಿತು, ಗಾಲಿ ತಿರುಗಿ, ನೋಂದಣಿ ಪತ್ರ ತಿದ್ದುಪಡಿಯಾಗಿ ಕೈಗೆ ಬಂದ ಮೇಲೆ. ಅದಕ್ಕೆ ಒಂದು ದಿನ ಮುಂಚೆಯೂ ಅಲ್ಲ. ಅಳತೆ ತಪ್ಪಿದರೆ ಮತ್ತೊಮ್ಮೆ ಅಳೆಯಲು, ಅನುಮತಿ ಸಿಗದಿದ್ದರೆ ಮರಳಿ ಕೂರಿಸಲು ಅದು ಬೇಕು. ಮಾರುವಾಗ ಎಂಜಿನಿನ ಸಂಖ್ಯೆ ನಮೂದಿಸಿದ ರಸೀದಿ ಪಡೆಯಿರಿ; ನಿಮ್ಮ ಹೆಸರಿನಲ್ಲಿ ದಾಖಲಾಗಿದ್ದ ಎಂಜಿನು ನಾಳೆ ಯಾವ ವಾಹನದಲ್ಲಿ ಪತ್ತೆಯಾದೀತೋ ಹೇಳಲಾಗದು.

ನಮ್ಮ ವಿದ್ಯಾರ್ಥಿ ಅದೇ ಮಾದರಿಯ ಕೆಟ್ಟ ಎಂಜಿನೊಂದನ್ನು ಗುಜರಿ ಅಂಗಡಿಯಲ್ಲಿ ಹುಡುಕಿ ತಂದಿದ್ದಾನೆ. ಕಳೆದ ಭಾನುವಾರ ಅದರ ಫ್ಲೈವೀಲಿನ ಅಂತರವನ್ನು ಆತ ಅಳೆಯುತ್ತಿದ್ದಾಗ ನಾವು ಪಕ್ಕದಲ್ಲಿ ಕುಳಿತು ಬರೆದುಕೊಂಡೆವು. ಅನುಮೋದಿತ ಕಿಟ್ ದೊರೆಯುವುದೋ ಇಲ್ಲವೋ, ವಿಚಾರಣೆ ನಡೆದಿದೆ. ದೊರೆಯದಿದ್ದರೆ ಕಾರನ್ನು ರಸ್ತೆಗೆ ಇಳಿಸುವುದಿಲ್ಲ, ತನ್ನ ಬಳಿ ಕೆಲಸ ಕಲಿಯಲು ಬರುವ ಹುಡುಗರಿಗೆ ಪಾಠದ ಮಾದರಿಯಾಗಿ ಇಟ್ಟುಕೊಳ್ಳುತ್ತೇನೆ ಎಂದು ಆತ ಹೇಳಿದ್ದಾನೆ. ಆ ಹುಡುಗರಿಗೆ ಕೊಡಲೆಂದು ಮೇಲಿನ ಅಳತೆಗಳ ಪಟ್ಟಿಯನ್ನು ಕನ್ನಡದಲ್ಲಿ ಒಂದು ಹಾಳೆಯಲ್ಲಿ ಬರೆದು ಗ್ಯಾರೇಜಿನ ಗೋಡೆಗೆ ಅಂಟಿಸಿದ್ದೇವೆ.